ಕಾಲಂ ಸೆಂಟಿಮೀಟರ್

ಗುದೈಬಿಯಾದ ಈ ಕೋಲ್ಡ್ ಸ್ಟೋರಿನಲ್ಲಿ
ಗಲ್ಲಾಪೆಟ್ಟಿಗೆಯ ಬದಿಗೆ ಒಂದಡಿಯ ಸ್ಕೇಲಿದೆ.
ಮಾಲೀಕರು ಅದರಿಂದ ಬೆನ್ನು ಕೆರೆದುಕೊಳ್ಳುತ್ತಾರೆ,
ನಾನು ಸುದ್ದಿ ಅಳೆಯುತ್ತೇನೆ.

ಪೇಪರು ಬರುವುದು ಊರಿಂದ ಬರುವವರ ಲಗೇಜಿನಲ್ಲಿ,
ಮಿಡಿ ಉಪ್ಪಿನಕಾಯಿಯ ಬಾಟಲಿಗೆ ಸುತ್ತಿಕೊಂಡು.
ಬಿಚ್ಚಿ, ಒರೆಸಿ, ಕೌಂಟರಿನ ಮೇಲೆ ಹರಡಿ
ಮೂಲೆಗೊಂದೊಂದು ಲಬಾನ್ ಡಬ್ಬಿಯಿಟ್ಟು
ಏಳನೇ ಪುಟದ ಬುಡದಲ್ಲಿ ಹುಡುಕುತ್ತೇನೆ:
‘ನಮ್ಮ ಬಾತ್ಮೀದಾರರಿಂದ’.
ಅದು ನಾನು.
ಒಬ್ಬನೇ, ಆದರೂ ಬಹುವಚನ.

ದರ ಹೀಗಿದೆ: ಸೆಂಟಿಮೀಟರಿಗೆ ಹತ್ತು ರೂಪಾಯಿ,
ಫೋಟೋಗೆ ಐವತ್ತು.
ಸ್ಕ್ಯಾಫೋಲ್ಡಿಂಗಿನಿಂದ ಬಿದ್ದು ಸತ್ತ ಶಿರಾಲಿಯ ಹುಡುಗ
ನಾಲ್ಕು ಸೆಂಟಿಮೀಟರ್.
ಹೆಂಗಸರ ಥ್ರೋಬಾಲ್ ಪಂದ್ಯ ಹನ್ನೊಂದು.
ಫೋಟೋದಲ್ಲಿ ಸಂಘದ ಅಧ್ಯಕ್ಷರಿದ್ದರೆ
ಬಿರಿಯಾನಿ ಮುಗಿದು ಕೈತೊಳೆಯುವ ಹೊತ್ತಿಗೆ
ಅಂಗಿಯ ಜೇಬಿಗೆ ಒಂದು ಕವರು ಬೀಳುತ್ತದೆ;
ಅದು ಪತ್ರಿಕೆಯದ್ದಲ್ಲ.
ಹೋದ ಸಲ ಐದು ದೀನಾರ್ ಇತ್ತು.
ಫೋನಿನ ಒಡೆದ ಗಾಜು ಹಾಕಿಸಿದೆ.

ಆ ಹೊಸ ಗಾಜಿನಲ್ಲೇ ನೋಡಿದ್ದು
ಸಲ್ಮಾಬಾದಿನ ಕ್ಯಾಂಪು.
ನಲವತ್ತಮೂರು ಜನ. ಸಿಂಧನೂರು, ಲಿಂಗಸುಗೂರಿನವರೇ ಹೆಚ್ಚು,
ಇಬ್ಬರು ಬಿಹಾರದವರು, ಕನ್ನಡ ಕಲಿತಿದ್ದರು, ಬೈಗುಳ ಸಮೇತ.
ಎಸಿ ಕೆಟ್ಟು ಬಾಗಿಲಿಗೆ ಒದ್ದೆ ಲುಂಗಿ.
ಏಳು ತಿಂಗಳಿಂದ ಸಂಬಳವಿಲ್ಲ.
ಹುಲಿಗೆಪ್ಪ ಪ್ಲಾಸ್ಟಿಕ್ ಚೀಲದೊಳಗಿಂದ
ಇನ್ನೊಂದು ಚೀಲ, ಅದರೊಳಗಿಂದ
ಹಾಜರಿ ಪುಸ್ತಕ ತೆಗೆದ.
ದುಡಿದ ದಿನಕ್ಕೊಂದು ಗೀಟು, ಶುಕ್ರವಾರಕ್ಕೆ ಸೊನ್ನೆ.
ಇಷ್ಟು ನೀಟಾಗಿ ನಾನೂ ಬರೆದಿಟ್ಟವನಲ್ಲ
ಯಾರು ನನಗೆಷ್ಟು ಕೊಡಬೇಕೆಂದು.

ಆರುನೂರು ಪದ ಕಳಿಸಿದೆ.
ರಾತ್ರಿ ಡೆಸ್ಕಿನ ವಾದಿರಾಜನ ಫೋನು:
‘ಚೆನ್ನಾಗಿದೆ ಮಾರಾಯಾ. ಕಂಪನಿ ಹೆಸರು ತೆಗೆದೆ,
ನವೆಂಬರ್ ಪುರವಣಿಗೆ ಪೂರ್ತಿ ಪುಟ ಕೊಡುವವರು.
ಆ ಪುಸ್ತಕದ ಫೋಟೋ ಹೋಗಲಿಲ್ಲ, ಜಾಗ ಸಾಲಲಿಲ್ಲ.’

ಹದಿನೆಂಟು ಸೆಂಟಿಮೀಟರ್ ಬಂತು.
ನಡುವೆ ಉಪ್ಪಿನಕಾಯಿಯ ಎಣ್ಣೆ ಇಳಿದು
ಆ ಬದಿಯ ಚಿನ್ನದಂಗಡಿಯ ಜಾಹೀರಾತು
ಈ ಬದಿಗೆ ಕಾಣುತ್ತಿತ್ತು, ತಿರುವುಮುರುವಾಗಿ.
ನೂರಾ ಎಂಬತ್ತು ರೂಪಾಯಿ, ಅಂದರೆ ಎಂಟುನೂರು ಫಿಲ್ಸ್.
ಬಸ್ಸಿಗೆ ಹೋಗಲು ಮುನ್ನೂರು, ಬರಲು ಮುನ್ನೂರು.
ಉಳಿಯುವುದು ಎರಡು ಚಹಾ.
ಅದನ್ನೂ ಕುಡಿಸಿದ್ದು ಅವರು.

ಕತ್ತರಿಸಿದ ತುಂಡು ತೋರಿಸಲು ಮತ್ತೆ ಹೋದೆ.
ಹುಲಿಗೆಪ್ಪ ಬೆರಳಿಟ್ಟು ಗಟ್ಟಿಯಾಗಿ ಓದಿದ.
ಎಣ್ಣೆಯ ಜಾಗ ಬಂದಾಗ ನಾನು ಬಾಯಿಪಾಠ ಹೇಳಿದೆ.
ಕಂಪನಿ ಹೆಸರೆಲ್ಲಿ ಎಂದು ಕೇಳುತ್ತಾನೆಂದು
ಉತ್ತರ ಇಟ್ಟುಕೊಂಡಿದ್ದೆ. ಅವನು ಕೇಳಿದ್ದು ಬೇರೆ:
‘ಇದಕ್ಕ ನಿಮಗೆಷ್ಟ್ ಕೊಟ್ರೀ ಸರ?’
‘ಇನ್ನೂ ಬಂದಿಲ್ಲ.’
‘ಎಷ್ಟ್ ತಿಂಗಳಿಂದ ಬಾಕಿ ಐತ್ರಿ?’
‘ಹನ್ನೊಂದು.’

ಒಂದು ಗಳಿಗೆ ಕೋಣೆ ಸುಮ್ಮನಿತ್ತು.
ಆಮೇಲೆ ಮೇಲಿನ ಮಂಚದಿಂದ ಯಾರೋ ನಕ್ಕರು,
ನಗು ಏಣಿ ಇಳಿದು ನೆಲದ ಚಾಪೆಯವರೆಗೂ ಬಂತು.
‘ಸರಕೊಳ್ರೋ, ಜಾಗ ಕೊಡ್ರಿ,
ನಲವತ್ನಾಕನೇದವ್ರು ಬಂದಾರ.’
ಕೂತೆ. ಖುಷಿಯಾಯಿತು, ಸುಳ್ಳೇಕೆ.
ಕವರಿನ ವಿಷಯ ಹೇಳಲಿಲ್ಲ.

ಶುಕ್ರವಾರ ಸಂಘದ ಹಾಲು. ಶಾಲು, ಗಂಧದ ಹಾರ, ಪೇಟ.
ಅಧ್ಯಕ್ಷರ ಪಕ್ಕದಲ್ಲಿ ಆ ಕಂಪನಿಯ ಮ್ಯಾನೇಜರು,
ನನಗೆ ಕೈಮುಗಿದರು, ಒಳ್ಳೆಯ ಮನುಷ್ಯರ ಹಾಗೆ.
ಫೋನೆತ್ತಿ ಒತ್ತಿದೆ.
ಜಾಗ ತುಂಬಿದೆ, ಅಂದಿತು ಫೋನು,
ಏನನ್ನಾದರೂ ಅಳಿಸಿ.
ಗೀಟು, ಗೀಟು, ಗೀಟು, ಸೊನ್ನೆ:
ಹಾಜರಿ ಪುಸ್ತಕದ ಹದಿನಾಲ್ಕು ಪುಟ
ಬೆರಳಿನ ಕೆಳಗೆ ಸಾಲಾಗಿ ನಿಂತವು.
‘ಆಯ್ತಾ?’ ಎಂದರು ಅಧ್ಯಕ್ಷರು
ತುಟಿ ಅಲುಗಿಸದೆ,
ನಗುವನ್ನು ಹಾಗೇ ಹಿಡಿದುಕೊಂಡು.